ಸೋದರಳಿಯನ ಮಾತು ದಿಗಿಲು ಹುಟ್ಟಿಸುತ್ತಿದೆ, ಯಾರಿಗೆ ಹೇಳಲಿ?

ಪ್ರಶ್ನೆ: ನಾನು ಗದಗಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತೇನೆ. ನನ್ನ ತಂಗಿಯ ಮಗ ಹುಬ್ಬಳ್ಳಿಯಲ್ಲಿ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾನೆ. ಹತ್ತೊಂಬತ್ತು ವರ್ಷ. ಕೆಲವು ತಿಂಗಳಿಂದ ಬೇರೆಯೇ ಹುಡುಗನಾಗಿದ್ದಾನೆ. ಮನೆಯ ಮದುವೆಗೂ ಬರಲಿಲ್ಲ, ಶಾಲೆಯ ಗೆಳೆಯರನ್ನು ಬಿಟ್ಟಿದ್ದಾನೆ, ರಾತ್ರಿಯೆಲ್ಲ ಮೊಬೈಲಿನಲ್ಲಿ ಭಾಷಣ ಕೇಳುತ್ತಾನೆ. ಮೊನ್ನೆ ಊಟಕ್ಕೆ ಕುಳಿತಾಗ, 'ಮಾಮಾ, ನಮ್ಮವರಿಗೆ ಆದದ್ದರ ಲೆಕ್ಕವನ್ನು ಯಾರಾದರೂ ಚುಕ್ತಾ ಮಾಡಲೇಬೇಕು' ಎಂದ. ತಂಗಿಗೆ ಗಂಡನಿಲ್ಲ, ಎಲ್ಲದಕ್ಕೂ ನನ್ನನ್ನೇ ನೋಡುತ್ತಾಳೆ. ಪೊಲೀಸರಿಗೆ ಹೇಳಿದರೆ ಹುಡುಗನ ಬಾಳು ಹಾಳಾದೀತು, ಸುಮ್ಮನಿದ್ದರೆ ಇನ್ನೇನಾದೀತೋ. ಗುಪ್ತಚರರು ಎಲ್ಲರ ಫೋನು ಕೇಳುತ್ತಾರಂತೆ, ಅವರಿಗೆ ಮೊದಲೇ ಗೊತ್ತಿರುವುದಿಲ್ಲವೇ? ಒಳ್ಳೆಯ ಮನೆಯ ಹುಡುಗರು ಹೀಗೇಕೆ ಆಗುತ್ತಾರೆ?

ಉತ್ತರ: ಹುಡುಗನ ಧರ್ಮ ಯಾವುದು, ಅವನು ಕೇಳುವ ಭಾಷಣ ಯಾರದು ಎಂದು ನೀವು ಬರೆದಿಲ್ಲ. ನಾನು ಕೇಳುವುದೂ ಇಲ್ಲ, ಕೇಳಿದರೂ ಉತ್ತರ ಬದಲಾಗುವುದಿಲ್ಲ. ನಾನಿರುವ ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಡಾ. ಎಂ. ಎಂ. ಕಲಬುರ್ಗಿಯವರನ್ನು ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿದು ಚಾಲಕನೂ ಬಾಂಬ್ ತಂದವನೂ ಸುಟ್ಟುಕೊಂಡರು. ಮಲೆನಾಡಿನ ಕಾಡುಗಳಲ್ಲಿ ಎರಡು ದಶಕ ಬಂದೂಕು ಹೊತ್ತು ತಿರುಗಿದ ನಕ್ಸಲರು ಯಾವ ದೇವರ ಹೆಸರನ್ನೂ ಹೇಳಿದವರಲ್ಲ. ಈ ಮೂರರ ಹಿಂದಿನ ವಿಚಾರಗಳು ಒಂದನ್ನೊಂದು ದ್ವೇಷಿಸುತ್ತವೆ. ಆದರೆ ಮನೆಯಿಂದ ಹೊರಟ ಒಬ್ಬ ಸಾಧಾರಣ ಹುಡುಗ ಅಲ್ಲಿಗೆ ತಲುಪುವ ದಾರಿಯನ್ನು ನೋಡಿದರೆ, ಮೂರೂ ಕಡೆ ಅದೇ ತಿರುವುಗಳು ಸಿಗುತ್ತವೆ. ಅಪರಾಧಶಾಸ್ತ್ರ ಕಲಿಸುತ್ತ ಬಂದವನಾಗಿ ಆ ತಿರುವುಗಳ ಬಗ್ಗೆಯೇ ನಿಮಗೆ ಹೇಳಬೇಕೆಂದಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿರುವುದರಲ್ಲಿ ಯಾವುದೂ ಅಪರಾಧವಲ್ಲ. ಮದುವೆಗೆ ಬಾರದಿರುವುದು, ಗೆಳೆಯರನ್ನು ಬಿಡುವುದು, ಭಾಷಣ ಕೇಳುವುದು ಹತ್ತೊಂಬತ್ತರ ವಯಸ್ಸಿನಲ್ಲಿ ಸಾವಿರ ಕಾರಣಗಳಿಗೆ ಆಗುತ್ತವೆ. ಪ್ರೇಮ ಮುರಿದಿರಬಹುದು, ಪರೀಕ್ಷೆಯಲ್ಲಿ ವಿಷಯಗಳು ಬಾಕಿ ಉಳಿದಿರಬಹುದು, ಸಾಲ ಮಾಡಿಕೊಂಡಿರಬಹುದು. ಹಾಗೆಂದು ಊಟಕ್ಕೆ ಕುಳಿತು ಆಡಿದ ಆ ಮಾತನ್ನು ಹುಡುಗಾಟ ಎಂದು ತಳ್ಳಿಹಾಕಲು ಹೋಗಬೇಡಿ. ಅವನು ಅದನ್ನು ನಿಮ್ಮ ಮುಂದೆ ಆಡಿದ್ದಾನೆ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಅದೇ.

ಭಯೋತ್ಪಾದನೆ ಎಂಬುದಕ್ಕೆ ಇಡೀ ಜಗತ್ತು ಒಪ್ಪಿದ ವ್ಯಾಖ್ಯೆ ಇಂದಿಗೂ ಇಲ್ಲ. ಅದರ ಮೇಲೊಂದು ಸಮಗ್ರ ಒಪ್ಪಂದವಾಗಲಿ ಎಂದು ಭಾರತ 1996ರಲ್ಲೇ ವಿಶ್ವಸಂಸ್ಥೆಯ ಮುಂದೆ ಕರಡು ಇಟ್ಟಿತು. ಒಬ್ಬರಿಗೆ ಭಯೋತ್ಪಾದಕನಾದವನು ಇನ್ನೊಬ್ಬರಿಗೆ ಸ್ವಾತಂತ್ರ್ಯ ಹೋರಾಟಗಾರ ಎಂಬ ಜಗಳದಲ್ಲಿ ಅದು ಇನ್ನೂ ಅಂಗೀಕಾರವಾಗಿಲ್ಲ. ಕೆಲಸಕ್ಕೆ ಬೇಕಾದಷ್ಟು ಹೇಳುವುದಾದರೆ, ರಾಜಕೀಯ ಅಥವಾ ಧಾರ್ಮಿಕ ಗುರಿಗಾಗಿ ಕೆಲವರ ಮೇಲೆ ಹಿಂಸೆ ಎಸಗಿ ಅದರಿಂದ ಬಹಳ ಜನರನ್ನು ಹೆದರಿಸುವುದು ಭಯೋತ್ಪಾದನೆ. ಸಾಯುವವರು ಒಬ್ಬರು, ಸಂದೇಶ ತಲುಪಬೇಕಾದವರು ಬೇರೊಬ್ಬರು. ಅದಕ್ಕೇ ಅದರಲ್ಲಿ ಯೋಜನೆ ಇರುತ್ತದೆ, ಗುಟ್ಟು ಇರುತ್ತದೆ. 2022ರ ಏಪ್ರಿಲ್ 16ರ ರಾತ್ರಿ ಒಂದು ವಾಟ್ಸ್‌ಆ್ಯಪ್ ಸ್ಟೇಟಸ್‌ನ ಚಿತ್ರದಿಂದ ಕೆರಳಿದ ಗುಂಪು ಹಳೇ ಹುಬ್ಬಳ್ಳಿ ಠಾಣೆಯ ಮೇಲೆ ಕಲ್ಲು ತೂರಿತು, ಪೊಲೀಸರು ಗಾಯಗೊಂಡರು. ಅದು ಘೋರ ಅಪರಾಧ, ಅನುಮಾನವಿಲ್ಲ. ಆದರೆ ಕ್ಷಣದ ರೋಷಕ್ಕೆ ಬೀದಿಗಿಳಿಯುವುದಕ್ಕೂ ತಿಂಗಳುಗಟ್ಟಲೆ ಕುಳಿತು ಕೊಲೆಗೆ ಸಿದ್ಧತೆ ನಡೆಸುವುದಕ್ಕೂ ಇರುವ ಅಂತರವನ್ನು ಮನೆಯವರಾದ ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಾನೂನು ಎಲ್ಲ ಸಲವೂ ಆ ಅಂತರವನ್ನು ನೋಡುವುದಿಲ್ಲ. ಠಾಣೆಯ ಪ್ರಕರಣದಲ್ಲಿ ಬಂಧಿತರಾದ ಯುವಕರ ಮೇಲೆ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯನ್ನೇ ಹಾಕಲಾಯಿತು.

ಈಗ, ಒಳ್ಳೆಯ ಮನೆಯ ಹುಡುಗರು ಏಕೆ ಹೀಗಾಗುತ್ತಾರೆ ಎಂಬ ಪ್ರಶ್ನೆ. ಬಡತನ, ಅನಕ್ಷರತೆ, ಹುಚ್ಚು ಎಂಬ ಮೂರು ಉತ್ತರಗಳು ಎಲ್ಲರ ಬಾಯಲ್ಲೂ ಇವೆ. ಐವತ್ತು ವರ್ಷಗಳ ಸಂಶೋಧನೆ ಈ ಮೂರನ್ನೂ ಹೆಚ್ಚು ಕಡಿಮೆ ಬದಿಗಿಟ್ಟಿದೆ. ಬಡವರೆಲ್ಲ ಬಾಂಬ್ ಇಡುವುದಾಗಿದ್ದರೆ ನಮ್ಮ ದೇಶ ಒಂದು ದಿನ ಉಳಿಯುತ್ತಿರಲಿಲ್ಲ. ಇಸ್ಲಾಮಿಕ್ ಸ್ಟೇಟ್ (ಐಎಸ್) ಎಂಬ ಭಯೋತ್ಪಾದಕ ಸಂಘಟನೆಯ ಪರವಾಗಿ ಇಂಗ್ಲಿಷಿನಲ್ಲಿ ಪ್ರಚಾರ ಮಾಡಿ ಜಗತ್ತಿನಾದ್ಯಂತ ಹಿಂಬಾಲಕರನ್ನು ಪಡೆದ ಒಂದು ಟ್ವಿಟರ್ ಖಾತೆಯ ಬೆನ್ನು ಹತ್ತಿದಾಗ, 2014ರ ಡಿಸೆಂಬರಿನಲ್ಲಿ ಸಿಕ್ಕಿದವನು ಬೆಂಗಳೂರಿನ ಕಂಪನಿಯೊಂದರಲ್ಲಿ ಒಳ್ಳೆಯ ಸಂಬಳಕ್ಕಿದ್ದ ಎಂಜಿನಿಯರ್. ನೆರೆಹೊರೆಯವರಿಗೆ ಅವನು ಯಾರೆಂದೂ ಗೊತ್ತಿರಲಿಲ್ಲ.

ಹಾಗಾದರೆ ಏನು? ಅಮೆರಿಕದ ಮನೋವೈದ್ಯ ಮಾರ್ಕ್ ಸೇಜ್‌ಮನ್ ಅಲ್ ಖೈದಾ ಜಾಲದ 172 ಜನರ ಜೀವನದ ವಿವರ ಕಲೆಹಾಕಿ ನೋಡಿದರು. ಹೆಚ್ಚಿನವರು ಆ ಜಾಲಕ್ಕೆ ಬಂದದ್ದು ಗೆಳೆತನದ ಮೂಲಕ, ಇಲ್ಲವೇ ನೆಂಟಸ್ತನದ ಮೂಲಕ. ವಿಚಾರ ಆಮೇಲೆ ಗಟ್ಟಿಯಾಯಿತು. ಊರು ಬಿಟ್ಟು ಬಂದು ಒಂಟಿಯಾದವನಿಗೆ ನಾಲ್ಕು ಜನ ಸಿಗುತ್ತಾರೆ. ಅವರು ಅವನನ್ನು ಊಟಕ್ಕೆ ಕರೆಯುತ್ತಾರೆ, ಕಷ್ಟ ಕೇಳುತ್ತಾರೆ, 'ನೀನು ನಮ್ಮವನು' ಎನ್ನುತ್ತಾರೆ. ಆ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ, ಎಷ್ಟೋ ಸಲ ಅದು ನಿಜವಾದದ್ದೇ ಆಗಿರುತ್ತದೆ. ಅದಕ್ಕೇ ಅದರಿಂದ ಬಿಡಿಸಿಕೊಳ್ಳುವುದು ಅಷ್ಟು ಕಷ್ಟ. ಇಂದು ಆ ನಾಲ್ಕು ಜನ ಎದುರಿಗೇ ಇರಬೇಕಾಗಿಲ್ಲ. ಟೆಲಿಗ್ರಾಂ ಗುಂಪಿನಲ್ಲಿ ಮುಖ ಕಾಣದ 'ಅಣ್ಣ'ನೊಬ್ಬ ರಾತ್ರಿ ಎರಡಕ್ಕೂ ಮಾತಿಗೆ ಸಿಗುತ್ತಾನೆ.

ಇನ್ನು ಅನ್ಯಾಯದ ಮಾತು. ನಿಮ್ಮ ಹುಡುಗ 'ನಮ್ಮವರಿಗೆ ಆದದ್ದು' ಎಂದನಲ್ಲ, ಎಲ್ಲ ಹಿಂಸಾವಾದಗಳೂ ಬೇರೂರುವುದು ಅಲ್ಲಿಯೇ. ಅದರಲ್ಲಿ ಒಂದು ತುಣುಕು ನಿಜ ಇದ್ದೇ ಇರುತ್ತದೆ: ಎಲ್ಲೋ ಒಂದು ಗುಂಪುಹತ್ಯೆ, ಯಾರದೋ ಕೊಲೆ, ಕೆಡವಿದ ಒಂದು ಕಟ್ಟಡ, ಕಿತ್ತುಕೊಂಡ ಹೊಲ. ಪ್ರಚಾರಕ ಆ ನಿಜಕ್ಕೆ ನೂರು ಚಿತ್ರ ಜೋಡಿಸುತ್ತಾನೆ. ಬೇರೆ ದೇಶದ, ಬೇರೆ ದಶಕದ ಹೆಣಗಳನ್ನು ನಿನ್ನೆಯದೆಂದು ತೋರಿಸುತ್ತಾನೆ. ಅಷ್ಟರಲ್ಲಿ ನೋವು ಸಿಟ್ಟಾಗಿರುತ್ತದೆ. ಅದಕ್ಕೊಂದು ವಿವರಣೆ ಬರುತ್ತದೆ: ಇದಕ್ಕೆಲ್ಲ 'ಅವರೇ' ಕಾರಣ, ಅವರಲ್ಲಿ ಒಳ್ಳೆಯವರೇ ಇಲ್ಲ, ಕೋರ್ಟು ಕಚೇರಿ ಎಲ್ಲ ಅವರದೇ. ಕೊನೆಗೆ ಅನುಮತಿ ಬರುತ್ತದೆ: ಅವರನ್ನು ಹೊಡೆದರೆ ಪಾಪವಿಲ್ಲ, ಹೊಡೆಯದಿದ್ದರೇ ಪಾಪ. ನಾನು ಓದಿದ ಆರೋಪಪಟ್ಟಿಗಳಲ್ಲಿ, ಯಾವ ಬಣ್ಣದ್ದಾದರೂ ಸರಿ, ಈ ಅನುಮತಿಯ ಮಾತು ಸಿಕ್ಕೇ ಸಿಗುತ್ತದೆ. ನಿಮ್ಮ ಹುಡುಗ 'ಯಾರಾದರೂ ಮಾಡಲೇಬೇಕು' ಎಂದಿದ್ದಾನೆ, 'ನಾನು ಮಾಡುತ್ತೇನೆ' ಎಂದಿಲ್ಲ. ಆ ಎರಡರ ನಡುವೆ ದೂರವಿದೆ, ಬಹುಪಾಲು ಹುಡುಗರು ಆ ದೂರವನ್ನು ಎಂದೂ ದಾಟುವುದಿಲ್ಲ. ಉಗ್ರ ಮಾತಾಡುವವರಲ್ಲಿ ಹಿಂಸೆಗೆ ಇಳಿಯುವವರು ತೀರಾ ಕಡಿಮೆ.

ಇದಕ್ಕೆ ಹೊಂದಿಕೊಂಡೇ ಗುಪ್ತಚರರ ಪ್ರಶ್ನೆ ಬರುತ್ತದೆ. ಅವರಿಗೆ ಮೊದಲೇ ಗೊತ್ತಿರುವುದಿಲ್ಲವೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಏಕೆಂದು ಲೆಕ್ಕ ಹಾಕಿ ತೋರಿಸುತ್ತೇನೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.4 ಲಕ್ಷ. ಸುಲಭಕ್ಕೆ 10 ಲಕ್ಷ ಎನ್ನಿ. ಅದರಲ್ಲಿ ನಿಜಕ್ಕೂ ಅಪಾಯಕಾರಿಗಳು 100 ಜನ ಇದ್ದಾರೆ ಎಂದು ಸುಮ್ಮನೆ ಊಹಿಸಿಕೊಳ್ಳಿ. ಎಲ್ಲರ ಫೋನನ್ನೂ ಜಾಲಾಡಿ ನೂರಕ್ಕೆ 99 ಸಲ ಸರಿಯಾಗಿ ಹೇಳುವ ಒಂದು ಯಂತ್ರವನ್ನೇ ತಂದಿರಿ ಅನ್ನಿ. ಅಂಥ ಯಂತ್ರ ಎಲ್ಲೂ ಇಲ್ಲ, ಇರಲಿ. ಅದು 99 ಅಪಾಯಕಾರಿಗಳನ್ನು ಹಿಡಿಯುತ್ತದೆ, ಜೊತೆಗೆ ಸುಮಾರು 10 ಸಾವಿರ ನಿರಪರಾಧಿಗಳ ಹೆಸರನ್ನೂ ಕೊಡುತ್ತದೆ. ಅಷ್ಟು ಜನರ ಹಿಂದೆ ಓಡಾಡಲು ಯಾವ ಕಮಿಷನರೇಟಿನಲ್ಲೂ ಸಿಬ್ಬಂದಿ ಇಲ್ಲ. ಓಡಾಡಿದರೆ 10 ಸಾವಿರ ಮನೆಗಳು ಪೊಲೀಸರ ಮೇಲೆ ಮುನಿಸಿಕೊಳ್ಳುತ್ತವೆ, ನಿಜವಾದ ಆ ಮಂದಿ ಅದೇ ಗದ್ದಲದಲ್ಲಿ ಮರೆಯಾಗುತ್ತಾರೆ.

ಫೋನು ಕೇಳುವುದಕ್ಕೂ ವಿಧಿಯಿದೆ. ರಾಜ್ಯದ ಪೊಲೀಸರು ಒಂದು ಫೋನನ್ನು ಕೇಳಬೇಕಾದರೆ ಸಾಮಾನ್ಯವಾಗಿ ರಾಜ್ಯದ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಅದರ ಆಯುಸ್ಸು 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ಆದೇಶವನ್ನು ಪರಿಶೀಲನಾ ಸಮಿತಿಯೊಂದು ನೋಡಬೇಕು. ಈ ಕಟ್ಟುಪಾಡುಗಳ ಬುನಾದಿ 1996ರ ಕೊನೆಗೆ ಬಂದ ಸುಪ್ರೀಂ ಕೋರ್ಟಿನ ತೀರ್ಪು. ವಿಧಿ ಇದ್ದಮಾತ್ರಕ್ಕೆ ದುರುಪಯೋಗ ನಿಂತಿದೆ ಎಂದು ನಾನು ಹೇಳುವುದಿಲ್ಲ. ಕೇಂದ್ರದ ಗುಪ್ತಚರ ಸಂಸ್ಥೆಯಾದ ಇಂಟೆಲಿಜೆನ್ಸ್ ಬ್ಯೂರೋ (ಐಬಿ) 1887ರಷ್ಟು ಹಳೆಯದು, ಆದರೂ ಅದರ ಅಧಿಕಾರ ಮತ್ತು ಹೊಣೆಯನ್ನು ವಿವರಿಸುವ ಸಂಸತ್ತಿನ ಕಾಯ್ದೆ ಇಲ್ಲ. ಅದರ ಕೆಲಸದ ಮೇಲೆ ಕಣ್ಣಿಡುವ ಸಂಸದೀಯ ಸಮಿತಿಯೂ ಇಲ್ಲ. ಬ್ರಿಟನ್ನಿನಲ್ಲಿ 1994ರಿಂದ ಅಂಥ ಸಮಿತಿ ಇದೆ. ನಮ್ಮಲ್ಲೂ ಬೇಕು ಎಂದು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ, ಇಲ್ಲೂ ಹೇಳುತ್ತೇನೆ. ಲೆಕ್ಕ ಒಪ್ಪಿಸುವ ಸಂಸ್ಥೆಯನ್ನು ಜನ ಹೆಚ್ಚು ನಂಬುತ್ತಾರೆ, ನಂಬಿಕೆ ಇದ್ದಲ್ಲಿ ಮಾಹಿತಿ ಬರುತ್ತದೆ.

ಯಾರ ಕೆಲಸ ಯಾವುದು ಎಂಬುದೂ ನಿಮಗೆ ತಿಳಿದಿರಲಿ. ಐಬಿ ದೇಶದೊಳಗಿನ ಮಾಹಿತಿ ಕೂಡಿಸುತ್ತದೆ, ಯಾರನ್ನೂ ಬಂಧಿಸುವ ಅಧಿಕಾರ ಅದಕ್ಕಿಲ್ಲ. 1968ರಲ್ಲಿ ಹುಟ್ಟಿದ 'ರಾ' ಹೊರದೇಶಗಳದ್ದನ್ನು ನೋಡುತ್ತದೆ. ಮುಂಬೈ ದಾಳಿಯ ನಂತರ 2008ರ ಕೊನೆಗೆ ಕಾಯ್ದೆ ಮಾಡಿ ಕಟ್ಟಿದ ಎನ್‌ಐಎ ತನಿಖಾ ಸಂಸ್ಥೆ, ಅದು ಬಂಧಿಸಿ ಮೊಕದ್ದಮೆ ನಡೆಸುತ್ತದೆ. ರಾಜ್ಯದಲ್ಲಿ ಗುಪ್ತವಾರ್ತೆ ವಿಭಾಗವಿದೆ, ಆಂತರಿಕ ಭದ್ರತಾ ವಿಭಾಗವಿದೆ, ಪ್ರತಿ ಜಿಲ್ಲೆಯಲ್ಲಿ ಎಸ್ಪಿಯ ಕೈಕೆಳಗೆ ವಿಶೇಷ ಶಾಖೆಯಿದೆ.

ಸಿನಿಮಾದಲ್ಲಿ ಕಾಣುವ ಗೂಢಚಾರನಿಗೂ ವಿಶೇಷ ಶಾಖೆಯ ಪೇದೆಗೂ ಸಂಬಂಧವೇ ಇಲ್ಲ. ಅವನು ಸಾದಾ ಬಟ್ಟೆಯಲ್ಲಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕುಳಿತಿರುತ್ತಾನೆ. ಲಾಡ್ಜುಗಳ ರಿಜಿಸ್ಟರ್ ತಿರುವುತ್ತಾನೆ, ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಭಾಷಣ ಬರೆದುಕೊಳ್ಳುತ್ತಾನೆ, ಗೋಡೆಗೆ ಅಂಟಿಸಿದ ಹೊಸ ಪೋಸ್ಟರಿನ ಫೋಟೊ ತೆಗೆಯುತ್ತಾನೆ, ಸಂಜೆ ವರದಿ ಕಳಿಸುತ್ತಾನೆ. ಅದರಲ್ಲಿ ಮುಕ್ಕಾಲು ಪಾಲು ರೈತರ ಧರಣಿ, ನೀರಿನ ಗಲಾಟೆ, ಮೆರವಣಿಗೆಯ ದಾರಿ. ಬಾತ್ಮಿ ಬಂದರೆ ಅದನ್ನು ಎರಡು ಬಗೆಯಲ್ಲಿ ತೂಗುತ್ತಾರೆ. ಹೇಳಿದವನು ಹಿಂದೆ ಎಷ್ಟು ಸಲ ನಿಜ ಹೇಳಿದ್ದಾನೆ ಎಂಬುದೊಂದು, ಹೇಳಿದ ಸಂಗತಿ ಬೇರೆ ಕಡೆಯಿಂದಲೂ ಗಟ್ಟಿಯಾಗುತ್ತದೆಯೇ ಎಂಬುದಿನ್ನೊಂದು. ಒಳ್ಳೆಯ ಬಾತ್ಮೀದಾರ ಕೆಟ್ಟ ಸುದ್ದಿ ತರಬಹುದು, ನಂಬಲಾಗದವನು ನಿಜ ತರಬಹುದು. ಹಾಗಾಗಿ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುತ್ತಾರೆ. ನನ್ನ ಪಾಠಕ್ಕೆ ಕುಳಿತಿದ್ದ ಒಬ್ಬ ಹಿರಿಯ ಹವಾಲ್ದಾರರು ಹೇಳಿದ ಮಾತು ನೆನಪಿದೆ: 'ಇಂಥವನು ಉಗ್ರ' ಎಂದು ಬರುವ ಅನಾಮಧೇಯ ಪತ್ರ ಕೈಗೆ ಬಂದರೆ ಅವರು ಮೊದಲು ನೋಡುತ್ತಿದ್ದುದು ಅವನ ಹೊಲದ ಬದುವಿನ ಮೇಲೆ ಯಾರ ತಂಟೆ ಇದೆ ಎಂಬುದನ್ನು.

ಮಾಹಿತಿ ಸಿಕ್ಕರೂ ಕೆಲಸ ಮುಗಿಯಲಿಲ್ಲ. ಸಮುದ್ರದ ದಾರಿಯಲ್ಲಿ ದಾಳಿ ಆಗಬಹುದು, ತಾಜ್ ಹೋಟೆಲ್ ಗುರಿಯಾಗಬಹುದು ಎಂಬ ಎಚ್ಚರಿಕೆಗಳು 2008ರ ನವೆಂಬರ್ 26ಕ್ಕೆ ಮೊದಲೇ ಬಂದಿದ್ದವು. ಬೇರೆ ಬೇರೆ ಮೇಜುಗಳ ಮೇಲೆ ಬೇರೆ ಬೇರೆ ಕಾಗದವಾಗಿ ಉಳಿದವು, 166 ಜನ ಸತ್ತರು. ಹೀಗಾಗಬಾರದೆಂದು ಎಲ್ಲ ಸಂಸ್ಥೆಗಳೂ ಮಾಹಿತಿ ಹಂಚಿಕೊಳ್ಳುವ ಬಹುಸಂಸ್ಥಾ ಕೇಂದ್ರವನ್ನು ಕಾರ್ಗಿಲ್ ಯುದ್ಧದ ನಂತರ ಕಟ್ಟಿದ್ದರು, ಮುಂಬೈ ದಾಳಿಯ ಬಳಿಕ ಅದಕ್ಕೆ ನಿಜವಾದ ಬಲ ಬಂತು. ಎಷ್ಟೋ ಸಲ ಬಯಲಿಗೆ ಬರುವುದು ಸಣ್ಣ ಎಳೆಯಿಂದ. ಪತ್ರಕರ್ತೆ ಗೌರಿ ಲಂಕೇಶ್ ಕೊಲೆ ಪ್ರಕರಣದಲ್ಲಿ ವಿಶೇಷ ತನಿಖಾ ತಂಡಕ್ಕೆ ಮೊದಲು ಸಿಕ್ಕವನು ಅಕ್ರಮವಾಗಿ ಗುಂಡುಗಳನ್ನು ಇಟ್ಟುಕೊಂಡಿದ್ದವನು. ಅಲ್ಲಿಂದ ಎಳೆ ಹಿಡಿದು ಹೋದಾಗ ಕಲಬುರ್ಗಿಯವರ ಪ್ರಕರಣದವರೆಗೆ ಬಂತು. ಇಬ್ಬರ ಮೇಲೂ ಹಾರಿದ್ದು ಒಂದೇ ನಾಡಪಿಸ್ತೂಲಿನ ಗುಂಡು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಮಂಗಳೂರಿನ ಕುಕ್ಕರ್ ಬಾಂಬ್ ಆರೋಪಿಯ ಬಳಿ ಇದ್ದ ಆಧಾರ್ ಕಾರ್ಡ್ ನಮ್ಮ ಹುಬ್ಬಳ್ಳಿಯವರೊಬ್ಬರು ಕಳೆದುಕೊಂಡದ್ದು. ಪಾಪ, ಸ್ಫೋಟದ ದಿನ ಪೊಲೀಸರ ಕರೆ ಹೋದದ್ದು ಅವರಿಗೆ. ಅದೇ ಆರೋಪಿ 2020ರಲ್ಲಿ ಮಂಗಳೂರಿನ ಗೋಡೆಬರಹದ ಪ್ರಕರಣದಲ್ಲಿ ಬಂಧಿತನಾಗಿ ಜಾಮೀನಿನ ಮೇಲೆ ಹೊರಗಿದ್ದ. ಗೋಡೆಬರಹಕ್ಕೂ ಬಾಂಬಿಗೂ ನಡುವೆ ಎರಡು ವರ್ಷವಿತ್ತು. ಆ ಎರಡು ವರ್ಷ ಯಾರು ಯಾರು ಅವನೊಂದಿಗೆ ಮಾತನಾಡಿದರು ಎಂಬುದು ನನ್ನನ್ನು ಬಹಳ ಕಾಡುವ ಪ್ರಶ್ನೆ.

ಮನೆಯವರಿಗೆ ಗೊತ್ತಾಗುವಷ್ಟು ಬೇಗ ಯಾವ ಸಂಸ್ಥೆಗೂ ಗೊತ್ತಾಗುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. ಸಂಶೋಧಕ ಪಾಲ್ ಗಿಲ್ ಮತ್ತು ಸಂಗಡಿಗರು ಅಮೆರಿಕ, ಯುರೋಪಿನ 119 ಒಂಟಿ ದಾಳಿಕೋರರ ಪ್ರಕರಣಗಳನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ಅವರಲ್ಲಿ ಸುಮಾರು 64 ಪ್ರತಿಶತ ಮಂದಿಯ ಉದ್ದೇಶ ಮನೆಯವರಿಗೋ ಗೆಳೆಯರಿಗೋ ಮೊದಲೇ ತಿಳಿದಿತ್ತು, ಅವರೇ ಬಾಯಿಬಿಟ್ಟು ಹೇಳಿದ್ದರು. ಕೇಳಿದವರು ನಂಬದೆ ಇದ್ದಿರಬಹುದು, ಅಥವಾ ಹೆದರಿ ಸುಮ್ಮನಾಗಿರಬಹುದು.

ಹೆದರಿ ಸುಮ್ಮನಾಗುವುದಕ್ಕೆ ಕಾರಣಗಳಿವೆ, ನಮ್ಮ ಊರಿನಲ್ಲೇ ಇವೆ. 2008ರಲ್ಲಿ ನಿಷೇಧಿತ ವಿದ್ಯಾರ್ಥಿ ಸಂಘಟನೆ ಸಿಮಿಯ ನಂಟು ಎಂಬ ಆರೋಪದ ಮೇಲೆ ಬಂಧಿತರಾದವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 17 ಜನರನ್ನೂ ಹುಬ್ಬಳ್ಳಿಯ ನ್ಯಾಯಾಲಯ 2015ರಲ್ಲಿ ಖುಲಾಸೆ ಮಾಡಿತು. ಏಳು ವರ್ಷ ಯಾರು ಹಿಂದಿರುಗಿಸುತ್ತಾರೆ? ಅದೇ 2008ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ನ್ಯಾಯಾಲಯದ ಆವರಣದಲ್ಲಿ ಸ್ಫೋಟವಾದಾಗ ಮೊದಲು ಎಲ್ಲರ ಬೆರಳು ಒಂದೇ ಕಡೆ ತಿರುಗಿತ್ತು. ಮರುವರ್ಷ ಪೊಲೀಸರು ಬಂಧಿಸಿದ್ದು ತೀರಾ ಬೇರೆ ಗುಂಪಿನವರನ್ನು. ಮಾನವ ಹಕ್ಕುಗಳ ಮಾತು ಹಾಗಿರಲಿ, ಕೇವಲ ಭದ್ರತೆಯ ದೃಷ್ಟಿಯಿಂದಲೇ ಹೇಳುತ್ತೇನೆ: ತಪ್ಪು ಹುಡುಗನನ್ನು ಹಿಡಿದು ವರ್ಷಗಟ್ಟಲೆ ಒಳಗಿಟ್ಟರೆ, ಅವನ ಓಣಿಯಲ್ಲಿ ಮುಂದೆ ಯಾವ ಸೋದರಮಾವನೂ ಬಾಯಿ ತೆರೆಯುವುದಿಲ್ಲ. ಪೊಲೀಸರಲ್ಲಿ ಬಲ್ಲವರಿಗೆ ಇದು ಗೊತ್ತು. ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) ಕಳೆದ ದಶಕದಲ್ಲಿ ಜಾಲತಾಣಗಳ ಪ್ರಚಾರಕ್ಕೆ ಮರುಳಾದ ಹುಡುಗರನ್ನು ತಂದೆತಾಯಿಯರ ಎದುರಿಗೆ ಕೂರಿಸಿ ಬುದ್ಧಿ ಹೇಳುವ ಕೆಲಸಕ್ಕೆ ಕೈಹಾಕಿತು. ಜರ್ಮನಿಯಲ್ಲಿ ಮನೆಯವರೇ ಫೋನು ಮಾಡಿ ಸಲಹೆ ಪಡೆಯುವ ಕೇಂದ್ರಗಳಿವೆ. ಕರ್ನಾಟಕದಲ್ಲಿ ನಿಮ್ಮಂಥವರಿಗಾಗಿಯೇ ಇರುವ ಅಂಥ ಒಂದು ಬಾಗಿಲು ಇದ್ದಿದ್ದರೆ ಈ ಉತ್ತರ ಅರ್ಧಕ್ಕೇ ಮುಗಿಯುತ್ತಿತ್ತು.

ಕಾನೂನಿನಲ್ಲಿ ನಿಮ್ಮ ಸ್ಥಾನ ಏನು? ಅಪರಾಧ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮಿನಂತೆ ಕೊಲೆ, ಭಯೋತ್ಪಾದನೆಯಂಥ ಅಪರಾಧ ನಡೆದದ್ದೋ ನಡೆಸುವ ಉದ್ದೇಶವೋ ತಿಳಿದವರು ಪೊಲೀಸರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸಿಟ್ಟಿನ ಮಾತು ಕೇಳಿದ್ದೇ ಅಂಥ ಉದ್ದೇಶ ತಿಳಿದಂತೆ ಆಗುವುದಿಲ್ಲ. ಆದರೆ ಯುಎಪಿಎ ಬಗ್ಗೆ ಎಚ್ಚರವಿರಲಿ. ಅದರಲ್ಲಿ ಕೃತ್ಯದ ಜೊತೆಗೆ ಸಂಚು ಮತ್ತು ಸಿದ್ಧತೆಯೂ ಅಪರಾಧ, ಶಿಕ್ಷೆ ಐದು ವರ್ಷದಿಂದ ಜೀವಾವಧಿಯವರೆಗೆ. ನಿಷೇಧಿತ ಸಂಘಟನೆಯ ಸದಸ್ಯತ್ವವೇ ಅಪರಾಧ ಎಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಸಿಗುವುದಿಲ್ಲ, ಆರೋಪಪಟ್ಟಿಗೆ ಮುಂಚೆಯೇ 180 ದಿನ ಒಳಗಿಡಬಹುದು. ಭಯೋತ್ಪಾದಕನೆಂದು ತಿಳಿದೂ ಬಚ್ಚಿಟ್ಟವರಿಗೆ ಶಿಕ್ಷೆಯಿದೆ, ಅದರಿಂದ ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ. ತಾಯಿಗೂ ಇಲ್ಲ, ಮಾವನಿಗೂ ಇಲ್ಲ. ಇದನ್ನು ಹೇಳುತ್ತಿರುವುದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಇನ್ನೂ ಏನೂ ಆಗದಿರುವ ಈ ದಿನಗಳು ಎಷ್ಟು ಬೆಲೆಬಾಳುತ್ತವೆ ಎಂದು ನಿಮಗೆ ಮನದಟ್ಟಾಗಬೇಕು.

ಆದ್ದರಿಂದ ಮೊದಲು ನೀವೇ ಹುಬ್ಬಳ್ಳಿಗೆ ಹೋಗಿ. ತಂಗಿಯನ್ನು ಕರೆದುಕೊಂಡು ಹೋಗಬೇಡಿ, ಅವರು ಅತ್ತರೆ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ನಮ್ಮ ಕಡೆ ಸೋದರಮಾವನ ಮಾತಿಗೆ ಇರುವ ತೂಕ ಅಪ್ಪನ ಮಾತಿಗೂ ಇರುವುದಿಲ್ಲ, ಅದನ್ನು ಬಳಸಿಕೊಳ್ಳಿ. ರೂಮಿನಲ್ಲಿ ಕೂತು ವಿಚಾರಣೆ ಮಾಡದೆ ಖಾನಾವಳಿಗೆ ಕರೆದುಕೊಂಡು ಹೋಗಿ ಎದುರು ಬದುರು ಕುಳಿತು ಉಣ್ಣಿ. 'ನೀನು ಮೊನ್ನೆ ಆಡಿದ ಮಾತಿನಿಂದ ನನಗೆ ನಿದ್ದೆ ಬಂದಿಲ್ಲ. ಯಾರಿಗೆ ಏನಾಯಿತು, ನನಗೆ ಹೇಳು' ಎನ್ನಿ. ಆಮೇಲೆ ಸುಮ್ಮನಿರಿ. ಅವನು ಹೇಳುವುದರಲ್ಲಿ ನಿಜವಾದದ್ದನ್ನು ನಿಜವೆಂದು ಒಪ್ಪಿಕೊಳ್ಳಿ, ಅನ್ಯಾಯವನ್ನು ಅನ್ಯಾಯ ಎನ್ನಲು ಹಿಂಜರಿಯಬೇಡಿ. ಧರ್ಮದ ವಾದಕ್ಕೆ, ಇತಿಹಾಸದ ವಾದಕ್ಕೆ ಇಳಿಯಬೇಡಿ. ಆ ವಾದಗಳನ್ನು ಅವನಿಗೆ ಕಲಿಸಿಯೇ ಕಳಿಸಿರುತ್ತಾರೆ, ನೀವು ಸೋಲುತ್ತೀರಿ. ಬದಲಿಗೆ ಕೇಳಿ: 'ಚುಕ್ತಾ ಮಾಡುವುದು ಅಂದರೆ ಏನು? ಯಾರು ಮಾಡಬೇಕು? ಯಾರ ಮೇಲೆ?' ಹಿಂಸೆಯ ಮಾತು ಮೋಡದಂತೆ ತೇಲುತ್ತಿರುವವರೆಗೆ ಆಡಲು ಸುಲಭ. ಎದುರಿಗೆ ಕುಳಿತ ಮಾಮನಿಗೆ ಒಂದು ಹೆಸರು, ಒಂದು ಮುಖ ಹೇಳಬೇಕಾಗಿ ಬಂದಾಗ ಎಷ್ಟೋ ಹುಡುಗರು ಅಲ್ಲೇ ತಡವರಿಸುತ್ತಾರೆ. ತಡವರಿಸಿದರೆ ಸಮಾಧಾನಪಟ್ಟುಕೊಳ್ಳಿ. ಅವನ ಮೊಬೈಲನ್ನು ಕಸಿದುಕೊಳ್ಳಬೇಡಿ, ಬೈದು ಓದು ಬಿಡಿಸಿ ಗದಗಿಗೆ ಎಳೆದು ತರಬೇಡಿ. ಹಾಗೆ ಮಾಡಿದರೆ ಆ 'ಅಣ್ಣ' ಹೇಳಿದ್ದೇ ಸರಿಯಾಗುತ್ತದೆ: ಮನೆಯವರು ನಿನ್ನವರಲ್ಲ.

ಗಮನಿಸಬೇಕಾದದ್ದು ಅವನ ನಂಬಿಕೆಗಿಂತ ಅವನ ಸಿದ್ಧತೆಯನ್ನು. ಎರಡನೆಯ ಫೋನು ಅಥವಾ ಬೇರೆಯವರ ಹೆಸರಿನ ಸಿಮ್, ಬೇರೆಯವರ ಗುರುತಿನ ಚೀಟಿ, ಎಲ್ಲಿಂದಲೋ ಬಂದ ಹಣ, ಕಾರಣ ಹೇಳದ ಪ್ರಯಾಣ, ಆಯುಧ ಅಥವಾ ರಾಸಾಯನಿಕಗಳ ಹುಡುಕಾಟ, ಒಬ್ಬ ವ್ಯಕ್ತಿ ಅಥವಾ ಜಾಗದ ಮೇಲೆ ಪದೇ ಪದೇ ಕಣ್ಣು, ಮೆಚ್ಚಿನ ವಸ್ತುಗಳನ್ನು ಹಂಚುವುದು, ಸಾಲ ತೀರಿಸುವುದು, ಕ್ಷಮೆ ಕೇಳುವುದು, ಬೀಳ್ಕೊಡುವಂತೆ ಪತ್ರ ಬರೆಯುವುದು. 2014ರಲ್ಲಿ ಮುಂಬೈ ಬಳಿಯ ಕಲ್ಯಾಣದಿಂದ ನಾಲ್ವರು ಹುಡುಗರು ಇರಾಕಿಗೆ ಹೋಗಿ ಐಎಸ್ ಸೇರಿದಾಗ ಮನೆಯವರಿಗೆ ಮೊದಲು ಸಿಕ್ಕಿದ್ದು ಇಂಥದ್ದೇ ಪತ್ರ. ಮನೆಯವರು ತಡಮಾಡದೆ ಪೊಲೀಸರಿಗೆ ಹೇಳಿದರು, ಅವರಲ್ಲಿ ಒಬ್ಬ ಅದೇ ವರ್ಷದ ನವೆಂಬರಿನಲ್ಲಿ ಜೀವಂತ ವಾಪಸಾದ. ಗಡ್ಡ ಬಿಟ್ಟ, ತಿಲಕ ಇಟ್ಟ, ಪೂಜೆ ನಮಾಜು ಹೆಚ್ಚಿಸಿದ ಎಂಬುದೆಲ್ಲ ಲಕ್ಷಣಗಳ ಪಟ್ಟಿಯಲ್ಲಿ ಬರುವುದೇ ಇಲ್ಲ.

ಇವುಗಳಲ್ಲಿ ಒಂದೇ ಒಂದು, ಅದರಲ್ಲೂ ಆಯುಧ, ಸ್ಫೋಟಕ, ದಿನಾಂಕ ಅಥವಾ ನಿರ್ದಿಷ್ಟ ಗುರಿ ಕಂಡರೆ ಹಿಂದೆ ಮುಂದೆ ನೋಡದೆ 112ಕ್ಕೆ ಕರೆ ಮಾಡಿ. ಆಗ ಅವನ ಭವಿಷ್ಯದ ಜೊತೆಗೆ ಬೇರೆ ಮನೆಗಳ ಮಕ್ಕಳ ಜೀವವೂ ನಿಮ್ಮ ಕೈಯಲ್ಲಿರುತ್ತದೆ. ಅಷ್ಟು ಆಗಿಲ್ಲ, ಆದರೂ ಅನುಮಾನ ಹೋಗುತ್ತಿಲ್ಲ ಎಂದಾದರೆ ಠಾಣೆಗೆ ಒಬ್ಬರೇ ಹೋಗಬೇಡಿ. ಪರಿಚಯದ ವಕೀಲರೊಂದಿಗೆ ಹಿರಿಯ ಅಧಿಕಾರಿಯನ್ನು, ಸಾಧ್ಯವಾದರೆ ಹುಬ್ಬಳ್ಳಿಯಲ್ಲಿ ಎಸಿಪಿ ಅಥವಾ ಡಿಸಿಪಿ ಮಟ್ಟದವರನ್ನು ಕಂಡು ಮಾತನಾಡಿ. ಕಂಡದ್ದನ್ನು ಕಂಡಂತೆ ಹೇಳಿ, ಊಹೆಯನ್ನು ಊಹೆ ಎಂದೇ ಹೇಳಿ. ವಕೀಲರು ಗೊತ್ತಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಹುಡುಗ ನಿದ್ದೆಗೆಟ್ಟು, ಊಟ ಬಿಟ್ಟು ಕುಗ್ಗಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿಸಿ.

ಹಿಂದಿರುಗಲು ಆಗುವುದೇ ಇಲ್ಲವೇ ಎಂದು ನಿಮ್ಮ ತಂಗಿ ಕೇಳಬಹುದು. 2025ರ ಜನವರಿ 8ರಂದು ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ವರ್ಷಗಟ್ಟಲೆ ಕಾಡಿನಲ್ಲಿದ್ದವರು ಅವರು. ಅವರನ್ನು ಹೊರತಂದದ್ದರಲ್ಲಿ ಪೊಲೀಸರಷ್ಟೇ ಪಾಲು ನಡುವೆ ನಿಂತು ಮಾತಾಡಿದ ನಾಗರಿಕರದ್ದೂ ಇತ್ತು. ಅವರು ತಮ್ಮ ವಿಚಾರ ಬಿಟ್ಟರೋ ಇಲ್ಲವೋ ಎಂಬುದು ಬೇರೆ ಮಾತು, ಬಂದೂಕನ್ನಂತೂ ಬಿಟ್ಟರು. ನಿಮ್ಮ ಸೋದರಳಿಯನ ವಿಚಾರವನ್ನೂ ಒಂದೇ ಊಟದಲ್ಲಿ ಬದಲಿಸುವ ಹಟ ಬೇಡ. ಅವನ ದಿನಕ್ಕೆ ಒಂದು ಕ್ರಮ ಬರಲಿ, ನಿಮ್ಮ ಫೋನು ಬಂದರೆ ಎತ್ತುವಂತಾಗಲಿ. ಕಾಲೇಜಿನಲ್ಲಿ ಹಾಜರಾತಿ ಕಡಿಮೆಯಾಗಿದೆಯೇ, ಪರೀಕ್ಷೆಯ ಶುಲ್ಕ ಕಟ್ಟಿದ್ದಾನೆಯೇ ಎಂದು ಹೋದ ದಿನವೇ ವಿಚಾರಿಸಿ. ಕಟ್ಟಿಲ್ಲವಾದರೆ ಅವನನ್ನು ಜೊತೆಗೆ ಕರೆದುಕೊಂಡು ಹೋಗಿ ಕಟ್ಟಿ ಬನ್ನಿ. ಹಾಜರಾತಿ ಕಡಿಮೆಯಿದ್ದರೆ ಪ್ರಾಂಶುಪಾಲರನ್ನು ನೀವೇ ಕಂಡು ಮಾತನಾಡಿ.